ವರ್ಧಿತ ವಾಸ್ತವ ಸಾಧನಗಳಲ್ಲಿ ಕ್ಯಾಮೆರಾ ಮತ್ತು ಚಲನ ಸಂವೇದಕಗಳ ಕ್ಯಾಲಿಬ್ರೇಷನ್: ಇತಿಹಾಸ

ವರ್ಧಿತ ವಾಸ್ತವ (ಆಗ್ಮೆಂಟೆಡ್ ರಿಯಾಲಿಟಿ, ಎಆರ್) ಎಂದರೆ ಕಣ್ಣೆದುರಿನ ದೃಶ್ಯದ ಮೇಲೆ ಕಂಪ್ಯೂಟರ್ ರಚಿಸಿದ ಚಿತ್ರವನ್ನು ಕೂರಿಸುವ ತಂತ್ರ. ಫೋನನ್ನೋ ಕನ್ನಡಕವನ್ನೋ ಎತ್ತ ತಿರುಗಿಸಿದರೂ ಆ ಚಿತ್ರ ಕೂತ ಜಾಗದಿಂದ ಕದಲಬಾರದು. ಹಾಗಾಗಬೇಕಾದರೆ ಕ್ಯಾಮೆರಾದ ಮಸೂರ ನೇರ ಗೆರೆಯನ್ನು ಎಷ್ಟು ಬಾಗಿಸುತ್ತದೆ, ತಿರುಗುವಿಕೆ ಅಳೆಯುವ ಜೈರೊಸ್ಕೋಪ್ ಮತ್ತು ವೇಗದ ಬದಲಾವಣೆ ಅಳೆಯುವ ಅಕ್ಸೆಲೆರೋಮೀಟರ್ ಎಷ್ಟು ತಪ್ಪು ತೋರಿಸುತ್ತವೆ, ಕ್ಯಾಮೆರಾಕ್ಕೂ ಇವಕ್ಕೂ ನಡುವಿನ ಅಂತರ, ಕೋನ, ಕಾಲವ್ಯತ್ಯಾಸಗಳೆಷ್ಟು ಎಂಬುದೆಲ್ಲ ಮೊದಲೇ ಗೊತ್ತಿರಬೇಕು. ಈ ದೋಷಗಳನ್ನು ಅಳೆದು ಲೆಕ್ಕದಲ್ಲಿ ಕಳೆಯುವ ಕ್ರಮವೇ ಕ್ಯಾಲಿಬ್ರೇಷನ್.

ಈ ಕ್ರಮ ಎಆರ್‌ಗಿಂತ ಬಹಳ ಹಳೆಯದು, ಅದರ ಒಂದು ಮುಖ್ಯ ಅಧ್ಯಾಯ ಕರ್ನಾಟಕದಲ್ಲೇ ನಡೆದಿದೆ. 1800ರ ಕೊನೆಯ ತಿಂಗಳುಗಳಲ್ಲಿ ಬ್ರಿಟಿಷ್ ಮೋಜಣಿದಾರ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಏಳು ಮೈಲಿಗೂ ಹೆಚ್ಚು ಉದ್ದದ ತಳರೇಖೆಯನ್ನು (ಮೋಜಣಿಯ ಲೆಕ್ಕಕ್ಕೆ ಆಧಾರವಾದ ಗೆರೆಯನ್ನು) ನೂರು ಅಡಿಯ ಉಕ್ಕಿನ ಸರಪಳಿಯಿಂದ ಅಳೆದ. ಉಕ್ಕು ಬಿಸಿಲಿಗೆ ಹಿಗ್ಗುತ್ತದೆ. ಉಷ್ಣತೆ ಹತ್ತು ಡಿಗ್ರಿ ಸೆಲ್ಸಿಯಸ್ ಏರಿದರೆ ಅಂಥ ಒಂದು ಸರಪಳಿ ಸುಮಾರು ಮೂರೂವರೆ ಮಿಲಿಮೀಟರ್ ಉದ್ದವಾಗುತ್ತದೆ. ಏಳು ಮೈಲಿಗೆ ಅದು ಒಂದು ಮೀಟರನ್ನು ದಾಟುತ್ತದೆ. ಆದ್ದರಿಂದ ಅಳತೆಯ ಜೊತೆ ಉಷ್ಣತೆಯನ್ನೂ ಬರೆದಿಟ್ಟು ತಿದ್ದುಪಡಿ ಮಾಡಬೇಕಾಯಿತು. 1802ರಲ್ಲಿ ಮದ್ರಾಸಿನಲ್ಲಿ ಇನ್ನೊಂದು ತಳರೇಖೆ ಅಳೆದು, ಅಲ್ಲಿಂದ ತ್ರಿಕೋನಗಳ ಮೂಲಕ ಲೆಕ್ಕ ಹಾಕುತ್ತ ಬೆಂಗಳೂರಿಗೆ ಬಂದಾಗ, 1804ರಲ್ಲಿ ಅಲ್ಲಿ ನೆಲದ ಮೇಲೆ ಮತ್ತೆ ಅಳೆದದ್ದಕ್ಕೂ ಲೆಕ್ಕಕ್ಕೂ ಇದ್ದ ವ್ಯತ್ಯಾಸ ನಾಲ್ಕು ಅಂಗುಲದೊಳಗಿತ್ತು. ಸುತ್ತಿ ಬಂದು ಮತ್ತೊಂದು ಗೊತ್ತಾದ ಅಳತೆಗೆ ತಾಳೆ ಹಾಕಿ ದೋಷ ಕಂಡುಹಿಡಿಯುವ ಈ ಉಪಾಯವನ್ನೇ ಇಂದಿನ ಎಆರ್ ತಂತ್ರಾಂಶಗಳೂ, ಒಮ್ಮೆ ನೋಡಿದ ಜಾಗ ಮತ್ತೆ ಕಂಡಾಗ, ಬಳಸುತ್ತವೆ.

ಹಾನಗಲ್, ಶಿಗ್ಗಾಂವಿ, ಹಿರೇಕೆರೂರು ಕಡೆಯ ರೈತರಿಗೆ ಇಂಥ ಶಿಸ್ತಿನ ಪರಿಚಯವಾದದ್ದು ಕಂದಾಯ ಮೋಜಣಿಯಿಂದ. ಅವು ಆಗ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿದ್ದವು. ಶಿಗ್ಗಾಂವಿ ಬಂಕಾಪುರ ತಾಲ್ಲೂಕಿಗೂ ಹಿರೇಕೆರೂರು ಕೋಡ ತಾಲ್ಲೂಕಿಗೂ ಕೇಂದ್ರವಾಗಿದ್ದವು. 1840ರ ದಶಕದಲ್ಲಿ ಬ್ರಿಟಿಷ್ ಮೋಜಣಿ ಅಧಿಕಾರಿ ವಿಂಗೇಟ್ ಮುಂದಾಳತ್ವದಲ್ಲಿ ಈ ಜಿಲ್ಲೆಯ ಮೋಜಣಿ ನಡೆಯಿತು. ಮುಂಬೈ ಮೋಜಣಿಯ ಸರಪಳಿ 33 ಅಡಿ ಉದ್ದದ್ದು, ಅದರಲ್ಲಿ ಹದಿನಾರು ಆಣೆ. ಒಂದು ಸರಪಳಿ ಚೌಕ ಒಂದು ಗುಂಟೆ, ನಲವತ್ತು ಗುಂಟೆ ಒಂದು ಎಕರೆ. ಪಹಣಿಯಲ್ಲಿ ಈಗಲೂ ಎಕರೆ–ಗುಂಟೆಯೇ ನಡೆದಿದೆ. ಕೊಂಡಿಗಳು ಸವೆದಂತೆ ಸರಪಳಿ ಉದ್ದವಾಗಿ ಹೊಲ ಕಾಗದದ ಮೇಲೆ ಕಿರಿದಾಗುತ್ತದೆ. ಹಾಗಾಗಿ ಅಳೆಯುವ ಸರಪಳಿಯನ್ನೇ ಆಗಾಗ ಅಳೆಯಬೇಕು.

ಕ್ಯಾಮೆರಾಗೆ ಈ ಬುದ್ಧಿ ಬಂದದ್ದು ವಿಮಾನದಿಂದ ನಕ್ಷೆ ತೆಗೆಯುವ ಕಾಲದಲ್ಲಿ. ಮಸೂರದ ಗಾಜುಗಳು ಒಂದೇ ಅಕ್ಷದಲ್ಲಿ ಕೂರದಿದ್ದರೆ ಚಿತ್ರ ಹೇಗೆ ವಾರೆಯಾಗುತ್ತದೆಂದು 1919ರಲ್ಲಿ ಕಾನ್ರಾಡಿ ವಿವರಿಸಿದರು. ಅದನ್ನು ಬಳಕೆಗೆ ಒಗ್ಗಿಸಿದವರು ಅಮೆರಿಕದ ಡುವೇನ್ ಬ್ರೌನ್. 1971ರಲ್ಲಿ ಅವರು ಪ್ರಕಟಿಸಿದ ವಿಧಾನ ಗೌಂಡಿಗಳಿಗೆ ಚೆನ್ನಾಗಿ ಅರ್ಥವಾಗುವಂಥದ್ದು: ತೂಗುಗುಂಡು ಕಟ್ಟಿದ ದಾರಗಳ ಫೋಟೊ ತೆಗೆಯಿರಿ, ದಾರ ನೇರವೆಂಬುದು ಖಚಿತ, ಚಿತ್ರದಲ್ಲಿ ಅದು ಎಷ್ಟು ಬಾಗಿದೆಯೋ ಅಷ್ಟು ಮಸೂರದ ದೋಷ. 1987ರಲ್ಲಿ ರೋಜರ್ ತ್ಸಾಯ್ ಇನ್ನೊಂದು ವಿಧಾನ ಕೊಟ್ಟರು. ಆದರೆ ಈ ಕೆಲಸವನ್ನು ಪ್ರಯೋಗಾಲಯದಿಂದ ಮೇಜಿನ ಮೇಲೆ ತಂದ ಕೀರ್ತಿ ಝೆಂಗ್ಯೂ ಝಾಂಗ್ ಅವರದು. 2000ದಲ್ಲಿ ಅಚ್ಚಾದ ಅವರ ವಿಧಾನಕ್ಕೆ ಬೇಕಾದದ್ದು ಕಾಗದದ ಮೇಲೆ ಮುದ್ರಿಸಿದ ಚದುರಂಗದ ಹಾಸಿನಂಥ ಚೌಕಗಳು, ಅವನ್ನು ಬೇರೆ ಬೇರೆ ಓರೆಯಲ್ಲಿ ಹಿಡಿದು ತೆಗೆದ ಕೆಲವು ಫೋಟೊ. ಓಪನ್‌ಸಿವಿ ತಂತ್ರಾಂಶ ಸಂಗ್ರಹದಲ್ಲಿ ಸೇರಿದ ಮೇಲೆ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕೈಗೂ ಅದು ಸಿಕ್ಕಿತು.

ಚಲನ ಸಂವೇದಕಗಳ ಕಥೆ ಹೆಚ್ಚು ತಂಟೆಯದು. ಫೋನಿನ ಜೈರೊಸ್ಕೋಪ್ ಸುಮ್ಮನೆ ಮೇಜಿನ ಮೇಲಿದ್ದಾಗಲೂ ತಾನು ತಿರುಗುತ್ತಿದ್ದೇನೆ ಎನ್ನುತ್ತದೆ. ಸೆಕೆಂಡಿಗೆ 0.1 ಡಿಗ್ರಿಯಷ್ಟು ಸುಳ್ಳು ಸೇರಿದರೆ ನಿಮಿಷಕ್ಕೆ 6 ಡಿಗ್ರಿ. ಹತ್ತು ಮೀಟರ್ ದೂರದ ಚಿತ್ರ ಆಗ ಒಂದು ಮೀಟರ್ ಸರಿದಿರುತ್ತದೆ. ಬಿಸಿಯಾದಂತೆ ಈ ದೋಷವೂ ಬದಲಾಗುತ್ತದೆ, ಥೇಟ್ ಲ್ಯಾಂಬ್ಟನ್‌ನ ಸರಪಳಿಯಂತೆ. ಅಕ್ಸೆಲೆರೋಮೀಟರನ್ನು ಆರೂ ಮಗ್ಗುಲಿಗೆ ಮಲಗಿಸಿ ಗುರುತ್ವದೊಂದಿಗೆ ಹೋಲಿಸುತ್ತಾರೆ. ಪಠ್ಯಪುಸ್ತಕದ 9.8 ಇಲ್ಲಿ ಸಾಲದು: ಹಾನಗಲ್ಲಿನ ಅಕ್ಷಾಂಶ, ಎತ್ತರಗಳಲ್ಲಿ ಗುರುತ್ವ ಸುಮಾರು 9.78.

1968ರಲ್ಲಿ ಐವನ್ ಸದರ್ಲ್ಯಾಂಡ್ ಕಟ್ಟಿದ, ತಲೆಗೆ ಧರಿಸುವ ಮೊದಲ ಎಆರ್ ಸಾಧನ ತಲೆಯ ಚಲನೆಯನ್ನು ಚಾವಣಿಗೆ ಬಿಗಿದ ಯಾಂತ್ರಿಕ ತೋಳಿನಿಂದ ಅಳೆಯುತ್ತಿತ್ತು. ಬೋಯಿಂಗ್‌ನ ಕಾಡೆಲ್ ಮತ್ತು ಮಿಝೆಲ್ 1992ರ ಪ್ರಬಂಧದಲ್ಲಿ ಎಆರ್ ತಂತ್ರಕ್ಕೆ ಇಂದಿನ ಹೆಸರು ಕೊಟ್ಟರು. 1994ರಲ್ಲಿ ಅಜುಮಾ ಮತ್ತು ಬಿಷಪ್ ಜೈರೊಸ್ಕೋಪ್, ಅಕ್ಸೆಲೆರೋಮೀಟರ್‌ಗಳಿಂದ ತಲೆಯ ಮುಂದಿನ ಚಲನೆಯನ್ನು ಊಹಿಸಿ ಚಿತ್ರದ ತಡವನ್ನು ಕಡಿಮೆ ಮಾಡಿದರು. ಸಮಯದ ಪ್ರಶ್ನೆ ಸಣ್ಣದಲ್ಲ. ಕೈ ಸೆಕೆಂಡಿಗೆ ನೂರು ಡಿಗ್ರಿ ತಿರುಗುವಾಗ ಕ್ಯಾಮೆರಾಕ್ಕೂ ಸಂವೇದಕಕ್ಕೂ ಹತ್ತು ಮಿಲಿಸೆಕೆಂಡು ವ್ಯತ್ಯಾಸವಿದ್ದರೆ ಒಂದು ಡಿಗ್ರಿ ತಪ್ಪಾಗುತ್ತದೆ. ಸ್ಥಾನ, ಕೋನಗಳ ಜೊತೆಗೆ ಈ ಕಾಲವ್ಯತ್ಯಾಸವನ್ನೂ ಒಟ್ಟಿಗೇ ಲೆಕ್ಕ ಹಾಕುವ 'ಕಾಲಿಬರ್' ತಂತ್ರಾಂಶ 2013ರ ಹೊತ್ತಿಗೆ ಜ್ಯೂರಿಕ್‌ನಿಂದ ಬಂತು. 2017ರಲ್ಲಿ ಆಪಲ್‌ನ ಎಆರ್‌ಕಿಟ್, ಗೂಗಲ್‌ನ ಎಆರ್‌ಕೋರ್ ಪ್ರಕಟವಾದ ಮೇಲೆ ಕ್ಯಾಲಿಬ್ರೇಷನ್ ಬಳಕೆದಾರನ ಕಣ್ಣಿಗೆ ಬೀಳದಾಯಿತು: ಅರ್ಧ ಕಾರ್ಖಾನೆಯಲ್ಲಿ ಮುಗಿದಿರುತ್ತದೆ, ಉಳಿದರ್ಧ ಫೋನು ಕೈಯಲ್ಲಿರುವಾಗಲೇ ಸಾಗುತ್ತದೆ.

ಕರ್ನಾಟಕದಲ್ಲಿ ಇದೇ ವಿದ್ಯೆ ಬೇರೆ ಕಡೆಗಳಲ್ಲಿ ದುಡಿದಿದೆ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಡಿಜಿಟಲ್ ಹಂಪಿ ಯೋಜನೆಯಲ್ಲಿ ಹುಬ್ಬಳ್ಳಿಯ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜು (ಈಗ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ) ಜನ ತೆಗೆದ ಫೋಟೊಗಳಿಂದ ಸ್ಮಾರಕಗಳ ಮೂರು ಆಯಾಮದ ಮಾದರಿ ಕಟ್ಟುವ ಕೆಲಸ ಮಾಡಿತು. ಅಂಥಲ್ಲಿ ಕ್ಯಾಮೆರಾ ಯಾವುದೆಂದೇ ತಿಳಿದಿರುವುದಿಲ್ಲ, ಅದರ ಗುಣದೋಷವನ್ನು ಫೋಟೊಗಳಿಂದಲೇ ತೆಗೆಯಬೇಕು. ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಇಸ್ರೊ ಚಂದ್ರನ ಮೇಲಿನಂಥ ಕುಳಿಗಳನ್ನು ತೋಡಿ, ಚಂದ್ರಯಾನ-2ರ ಲ್ಯಾಂಡರಿನ ಸಂವೇದಕಗಳನ್ನು ವಿಮಾನದಲ್ಲಿ ಹಾರಿಸಿ 2016ರಲ್ಲಿ ಪರೀಕ್ಷಿಸಿತು. ಹಳ್ಳಿಯ ಮನೆಜಾಗಗಳನ್ನು ಡ್ರೋನ್‌ನಿಂದ ಅಳೆಯುವ, 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯ ಪ್ರಾಯೋಗಿಕ ಹಂತದಲ್ಲೇ ಕರ್ನಾಟಕ ಇತ್ತು. ಸರಪಳಿಯ ಮೋಜಣಿ ನಡೆದ ನಾಡಿನಲ್ಲಿ ಈಗ ಗ್ರಾಮಠಾಣಾದ ಗಡಿ ಗುರುತಿಸಲು ಡ್ರೋನ್ ಬಂದಿದೆ.

ಹಳೆಯ ಧಾರವಾಡ ಜಿಲ್ಲೆಯ ಸೀಮೆಯಲ್ಲಿ ಎಆರ್ ಸಾಧನಕ್ಕೆ ಕಠಿಣ ಪರೀಕ್ಷೆ ಒಡ್ಡಬಲ್ಲ ಜಾಗ ಹಾನಗಲ್ಲಿನ ತಾರಕೇಶ್ವರ ದೇವಾಲಯ. ಕಡೆದು ನಯಗೊಳಿಸಿದ ಚಾಲುಕ್ಯ ಕಂಬಗಳ ಮೇಲಿನ ಹೊಳಪು ನೋಡುವವನ ಜೊತೆಯೇ ಸರಿಯುತ್ತದೆ, ಹಾಗಾಗಿ ಕ್ಯಾಮೆರಾ ಅದನ್ನು ಗುರುತಾಗಿ ಹಿಡಿಯುವಂತಿಲ್ಲ. ಕಂಬಗಳೂ ಒಂದರಂತೆ ಇನ್ನೊಂದು, ಒಳಗೆ ಮಬ್ಬು ಬೆಳಕು. ಅಂಥಲ್ಲಿ ಕ್ಯಾಮೆರಾ ದಾರಿ ತಪ್ಪಿ ಅಕ್ಸೆಲೆರೋಮೀಟರ್ ಒಂದೇ ಉಳಿದರೆ, ಪ್ರತಿ ಸೆಕೆಂಡ್ ವರ್ಗಕ್ಕೆ 0.05 ಮೀಟರ್‌ನಷ್ಟು ಅಳೆಯದೆ ಬಿಟ್ಟ ದೋಷ ಹತ್ತೇ ಸೆಕೆಂಡಿನಲ್ಲಿ ಚಿತ್ರವನ್ನು ಎರಡೂವರೆ ಮೀಟರ್ ಆಚೆ ಒಯ್ದು ನಿಲ್ಲಿಸುತ್ತದೆ.