ಅಂಚೆ ಕಾರ್ಡುಗಳ ಸಂಗ್ರಹ ಮತ್ತು ಕಾಲನಿರ್ಣಯ

ಅಂಚೆ ಕಾರ್ಡುಗಳನ್ನು ಕೂಡಿಸಿಡುವ ಹವ್ಯಾಸವನ್ನು ವಿದ್ವಾಂಸರು ಬಹುಮಟ್ಟಿಗೆ ಕಾಲಕ್ಷೇಪವೆಂದೇ ಎಣಿಸುತ್ತಾರೆ. ಆದರೆ ಕಾರ್ಡೂ ಒಂದು ಲಿಖಿತ ಸಾಮಗ್ರಿ. ಅದಕ್ಕೆ ಮುದ್ರಕನಿದ್ದಾನೆ, ಬರೆದವನಿದ್ದಾನೆ, ಇರಿಸಿಕೊಂಡವನಿದ್ದಾನೆ. ಹಸ್ತಪ್ರತಿಗಳ ಪರಿಶೀಲನೆಯಲ್ಲಿ ನಾವು ಅನುಸರಿಸುವ ಕ್ರಮ ಇದಕ್ಕೂ ಸಲ್ಲುತ್ತದೆ. ಆ ಕ್ರಮವನ್ನರಿಯದವರ ಕೈಯಲ್ಲಿ ಎಷ್ಟೋ ಕಾರ್ಡುಗಳು ತಮ್ಮ ಸಾಕ್ಷ್ಯವನ್ನು ಕಳೆದುಕೊಂಡಿವೆ.

ಸರ್ಕಾರಿ ಅಂಚೆ ಕಾರ್ಡು ಮೊದಲು ಹೊರಟದ್ದು ಆಸ್ಟ್ರಿಯ-ಹಂಗರಿಯಲ್ಲಿ, 1869ರ ಅಕ್ಟೋಬರ್ 1ರಂದು. ಮರುವರ್ಷ ಬ್ರಿಟನ್ನಿನಲ್ಲಿಯೂ, 1879ರಲ್ಲಿ ಭಾರತದಲ್ಲಿ ಕಾಲಾಣೆಯ ಬೆಲೆಗೂ ಅದು ಬಳಕೆಗೆ ಬಂದಿತು. ಚಿತ್ರದ ಕಾರ್ಡುಗಳು ಹಬ್ಬಿದ್ದು ಆ ಶತಮಾನದ ಕೊನೆಗೆ. ಆಗ ಒಂದು ಮಗ್ಗುಲು ಪೂರ್ತಿಯಾಗಿ ವಿಳಾಸಕ್ಕೇ ಮೀಸಲು. ಒಕ್ಕಣೆಯನ್ನು ಚಿತ್ರದ ಬದಿಯಲ್ಲಿ, ಓಲೆಗರಿಯ ಅಂಚಿನ ಟಿಪ್ಪಣಿಯಂತೆ ಇರುಕಿಸಿ ಬರೆಯಬೇಕಾಗಿತ್ತು. ವಿಳಾಸದ ಮಗ್ಗುಲನ್ನು ಗೆರೆಯಿಂದ ಇಬ್ಭಾಗಿಸಿ ಎಡಕ್ಕೆ ಒಕ್ಕಣೆ ಬರೆಯುವ ಅನುಮತಿ ಬ್ರಿಟನ್ನಿನಲ್ಲಿ 1902ರಲ್ಲಿ, ಅಮೆರಿಕದಲ್ಲಿ 1907ರಲ್ಲಿ ದೊರೆಯಿತು. ಆದುದರಿಂದ ನಡುಗೆರೆಯುಳ್ಳ ಬ್ರಿಟಿಷ್ ಕಾರ್ಡನ್ನು 1902ಕ್ಕಿಂತ ಹಿಂದಕ್ಕೆ ಒಯ್ಯಲಾಗದು. ಇದರ ವಿಪರ್ಯಯ ಮಾತ್ರ ಸಾಧುವಲ್ಲ. ಗೆರೆಯಿಲ್ಲದ ಹಳೆಯ ಕಾರ್ಡನ್ನು ಕೊಂಡವನು ಎಷ್ಟೋ ವರ್ಷಗಳ ಅನಂತರ ಅಂಚೆಗೆ ಹಾಕಿರಬಹುದು.

ಇಲ್ಲಿಯೇ ತೊಡಕು. ಚಿತ್ರದ ಕಾರ್ಡೊಂದಕ್ಕೆ ಕಾಲ ಒಂದಲ್ಲ, ಮೂರು: ಛಾಯಾಚಿತ್ರ ತೆಗೆದ ಕಾಲ, ಅಚ್ಚಾದ ಕಾಲ, ಅಂಚೆಗೆ ಬಿದ್ದ ಕಾಲ. ಕವಿಯ ಕಾಲ, ಪ್ರತಿಯ ಕಾಲ, ಪ್ರತಿಯನ್ನು ಪಡೆದವನು ಗರಿಯ ಮೇಲೆ ಗುರುತು ಹಾಕಿದ ಕಾಲ ಎಂದು ನಾವು ಬೇರ್ಪಡಿಸುವುದಿಲ್ಲವೆ? ಪ್ರಕಾಶಕರು ಹಳೆಯ ಚಿತ್ರವನ್ನೇ ಮತ್ತೆ ಮತ್ತೆ ಅಚ್ಚು ಹಾಕುತ್ತಿದ್ದರು. ಅಂಚೆಮುದ್ರೆಯ ಇಸವಿಯನ್ನು ನೋಡಿ, ಚಿತ್ರದಲ್ಲಿ ಕಾಣುವ ಬೀದಿ ಆ ವರ್ಷ ಹಾಗೆಯೇ ಇತ್ತೆಂದು ಹೇಳುವುದು, ಲಿಪಿಕಾರನ ಶಕವರ್ಷವನ್ನು ಕವಿಯ ತಲೆಗೆ ಕಟ್ಟಿದಂತೆ. ಅಂಚೆಮುದ್ರೆ ಉತ್ತರಾವಧಿಯನ್ನು ಮಾತ್ರ ತಿಳಿಸುತ್ತದೆ: ಚಿತ್ರವೂ ಅಚ್ಚೂ ಅದಕ್ಕೆ ಮುಂಚಿನವು, ಎಷ್ಟು ಮುಂಚಿನವೆಂಬುದಕ್ಕೆ ಬೇರೆ ಆಧಾರ ಬೇಕು.

ಆ ಉತ್ತರಾವಧಿಯನ್ನೂ ಅಳಿಸಿದವರಿದ್ದಾರೆ. ಅಂಚೆಚೀಟಿಯ ಆಸೆಗೆ ಕಾರ್ಡನ್ನು ನೀರಿನಲ್ಲಿ ನೆನೆಯಿಟ್ಟು ಚೀಟಿ ಬಿಡಿಸಿದರೆ ಮುದ್ರೆಯ ಅರ್ಧಭಾಗ ಅದರೊಡನೆ ಹೋಗುತ್ತದೆ. ಶಾಯಿಯ ಒಕ್ಕಣೆಯೂ ಕದಡುತ್ತದೆ. ಕಾಲಾಣೆಯ ಕಾರ್ಡಿನ ಚೀಟಿ ಕಾರ್ಡಿನ ಮೇಲೆಯೇ ಅಚ್ಚಾದದ್ದು. ಅದನ್ನು ಕತ್ತರಿಸಿ ತೆಗೆದು ಉಳಿದುದನ್ನು ಎಸೆಯುವ ರೂಢಿಯೂ ಇತ್ತು. ಪುಷ್ಪಿಕೆಯ ಗರಿಯೊಂದನ್ನೇ ಇಟ್ಟುಕೊಂಡು ಗ್ರಂಥವನ್ನು ಒಲೆಗೆ ಹಾಕಿದಂತಲ್ಲದೆ ಇದು ಬೇರೇನು? ನಮ್ಮ ಹಿಂದಿನ ಪಂಡಿತರು ಪಾಠಾಂತರಗಳನ್ನು ವಿಚಾರಿಸಿ ಒಬ್ಬರಿಗೊಬ್ಬರು ಬರೆದುದು ಇಂಥ ಅಗ್ಗದ ಕಾರ್ಡುಗಳಲ್ಲಿಯೇ ಎಂಬುದನ್ನು ನೆನೆದರೆ ನಷ್ಟದ ಪ್ರಮಾಣ ತಿಳಿದೀತು.

ವಿವೇಕದ ಸಂಗ್ರಹಕ್ಕೆ ಅಮೆರಿಕದ ಛಾಯಾಚಿತ್ರಕಾರ ವಾಕರ್ ಇವಾನ್ಸ್ (1903-1975) ಉದಾಹರಣೆ. ಬಾಲ್ಯದಲ್ಲಿಯೇ ಆರಂಭಿಸಿ ಆತನು ಸುಮಾರು 9,000 ಕಾರ್ಡುಗಳನ್ನು ಕೂಡಿಸಿದನು. ಆತನಿಗೆ ಮೆಚ್ಚಾದವು ಹೆಸರಿಲ್ಲದ ಛಾಯಾಗ್ರಾಹಕರು ತೆಗೆದ ಊರಬೀದಿ, ಕಾರ್ಖಾನೆ, ಹೋಟೆಲುಗಳ ಸರಳ ಚಿತ್ರಗಳು. 1948ರಲ್ಲಿ 'ಫಾರ್ಚೂನ್' ಪತ್ರಿಕೆಯಲ್ಲಿ ಅವುಗಳಲ್ಲಿ ಕೆಲವನ್ನು ಪ್ರಕಟಿಸಿದನು. 1994ರಲ್ಲಿ ಆ ಸಂಗ್ರಹ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಸೇರಿತು. ಬೀದಿದೃಶ್ಯಗಳು, ದೀಪಸ್ತಂಭಗಳು, ವಿಚಿತ್ರಗಳು ಎಂದು ಮುಂತಾಗಿ ಆತನು ಮಾಡಿದ ವಿಭಾಗಗಳು, ನನ್ನ ಅಭಿಪ್ರಾಯದಲ್ಲಿ, ಕಾರ್ಡುಗಳಷ್ಟೇ ಮುಖ್ಯ. ಭಂಡಾರದ ಹಳೆಯ ಕಟ್ಟುಗಳನ್ನು ಬಿಚ್ಚಿ ಅಕಾರಾದಿಯಾಗಿ ಜೋಡಿಸುವ ಉತ್ಸಾಹಿಗಳು ಇದನ್ನು ಗಮನಿಸಬೇಕು: ಯಾವ ಪ್ರತಿ ಯಾವುದರ ಪಕ್ಕದಲ್ಲಿತ್ತೆಂಬುದೂ ಒಂದು ಪಾಠವೇ. ಕಾರ್ಡುಗಳನ್ನು ಅಂಟು ಹಚ್ಚಿ ಆಲ್ಬಮ್ಮಿಗೆ ಮೆತ್ತಿಟ್ಟಿದ್ದರೆ, ಕೀಳುವುದಕ್ಕೆ ಮೊದಲು ಪ್ರತಿ ಪುಟದ ಕ್ರಮವನ್ನೂ ಅದರ ಮೇಲಿನ ಬರಹವನ್ನೂ ಬರೆದುಕೊಳ್ಳತಕ್ಕದ್ದು.