‘ಶಾಸನ’ ನಡೆದು ಬಂದ ದಾರಿ

‘ಶಾಸನ’ ಸಂಸ್ಕೃತದ ‘ಶಾಸ್’ ಧಾತುವಿನಿಂದ ಹುಟ್ಟಿದ ಪದ. ಅಪ್ಪಣೆ ಕೊಡು, ದಂಡಿಸು, ಕಲಿಸು ಎಂಬ ಮೂರೂ ಅರ್ಥಗಳು ಆ ಧಾತುವಿನಲ್ಲಿವೆ. ಶಾಸ್ತ್ರ, ಶಿಷ್ಯ, ಶಾಸಕ, ‘ತಕ್ಕ ಶಾಸ್ತಿ ಆಯಿತು’ ಎನ್ನುವಾಗಿನ ಶಾಸ್ತಿ, ಎಲ್ಲವೂ ಅದೇ ಬೇರಿನವು. ಹಾಸನ ಸೀಮೆಯ ಜನಕ್ಕೆ ಮಾತ್ರ ಶಾಸನ ಎಂದೊಡನೆ ಹೊಳೆಯುವುದು ಕಲ್ಲು: ದೇವಸ್ಥಾನದ ಅಂಗಳದಲ್ಲೋ ಕೆರೆಯ ಏರಿಯ ಮೇಲೋ ಹೊಲದ ಬದುವಿನಲ್ಲೋ ನಿಂತ ಬರಹದ ಕಲ್ಲು. ಬಿ. ಎಲ್. ರೈಸ್ ಅವರು 1902ರಲ್ಲಿ ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ದ ಐದನೆಯ ಸಂಪುಟ ಹಾಸನ ಜಿಲ್ಲೆಗೇ ಮೀಸಲಾದದ್ದು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮೊದಲಾದ ತಾಲ್ಲೂಕುಗಳ ಕಲ್ಲುಗಳು ಅದರಲ್ಲಿ ತಾಲ್ಲೂಕುವಾರು ಸಂಖ್ಯೆ ಪಡೆದಿವೆ. ಚನ್ನರಾಯಪಟ್ಟಣ ತಾಲ್ಲೂಕಿಗೆ ಸೇರಿದ ಶ್ರವಣಬೆಳಗೊಳವೊಂದಕ್ಕೇ ಅದಕ್ಕೂ ಮೊದಲು, 1889ರಲ್ಲಿ, ಪ್ರತ್ಯೇಕ ಸಂಪುಟ ಬೇಕಾಗಿತ್ತು.

ಹಿಂದಿಯಲ್ಲಿ, ಮರಾಠಿಯಲ್ಲಿ ಇದೇ ಪದ ಬೇರೆ ದಾರಿ ಹಿಡಿಯಿತು. ಅಲ್ಲಿ ಶಾಸನವೆಂದರೆ ಸರ್ಕಾರ, ಆಳುವ ಅಧಿಕಾರ. ‘ಮಹಾರಾಷ್ಟ್ರ ಶಾಸನ’ ಎಂದರೆ ಆ ರಾಜ್ಯದ ಸರ್ಕಾರವೇ. ಹಿಂದಿಯವರ ‘ರಾಷ್ಟ್ರಪತಿ ಶಾಸನ’ ಕನ್ನಡಕ್ಕೆ ಬರುವಾಗ ‘ರಾಷ್ಟ್ರಪತಿ ಆಳ್ವಿಕೆ’ ಆಗುತ್ತದೆ. ಆಳುವುದಕ್ಕೆ ಕನ್ನಡ ಆಳ್ವಿಕೆ, ಆಡಳಿತ, ಸರ್ಕಾರ ಎಂಬ ಮಾತುಗಳನ್ನು ಇಟ್ಟುಕೊಂಡು, ಶಾಸನವನ್ನು ಬರೆದಿಟ್ಟ ಮಾತಿಗೆ ಉಳಿಸಿತು. ಬರೆದವನು ಹೋದ ಮೇಲೂ ಬರೆದದ್ದು ಕಟ್ಟುಪಾಡಾಗಿ ನಿಲ್ಲಬೇಕೆಂಬ ತಿಳಿವಳಿಕೆ ಈ ಬಳಕೆಯಲ್ಲಿದೆ. ಇದು ಸಣ್ಣ ಸಂಗತಿಯೇನೂ ಅಲ್ಲ.

ಹಳೆಯ ಶಾಸನಗಳಲ್ಲಿ ಹೆಚ್ಚಿನವು ದಾನದ ಪತ್ರಗಳು. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಎಂ. ಎಚ್. ಕೃಷ್ಣ ಅವರಿಗೆ ದೊರೆತ, ಸುಮಾರು ಕ್ರಿ.ಶ. 450ರದೆಂದು ಎಣಿಸಲಾದ ಶಾಸನವೂ ಯುದ್ಧದಲ್ಲಿ ಪರಾಕ್ರಮ ತೋರಿದವನಿಗೆ ಕೊಟ್ಟ ಕೊಡುಗೆಯ ಬರಹ. ಇಂಥ ಕಲ್ಲುಗಳ ಕೊನೆಯಲ್ಲಿ ಸಾಮಾನ್ಯವಾಗಿ ಶಾಪಾಶಯದ ಮಾತು ಬರುತ್ತದೆ. ಈ ದಾನವನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ. ತಾನು ಕೊಟ್ಟದ್ದಿರಲಿ, ಬೇರೆಯವರು ಕೊಟ್ಟದ್ದಿರಲಿ, ಕಿತ್ತುಕೊಂಡವನು ಅರುವತ್ತು ಸಾವಿರ ವರ್ಷ ಮಲದ ಹುಳುವಾಗಿ ಹುಟ್ಟುವನು. ಓದುವವರು ಇದನ್ನು ವಾಡಿಕೆಯ ಮಾತೆಂದು ದಾಟಿ ಹೋಗುವುದುಂಟು. ಆದರೆ ಆ ಶಾಪ ಯಾರನ್ನು ಕುರಿತದ್ದೆಂದು ಗಮನಿಸಬೇಕು. ಒಕ್ಕಲು ಮಗ ಒಬ್ಬನೇ ಅದರ ಗುರಿಯಲ್ಲ. ಮುಂದೆ ಪಟ್ಟಕ್ಕೆ ಬರುವ ಅರಸನೂ, ದಾನ ಕೊಟ್ಟ ಅರಸನೇ ಮನಸ್ಸು ಬದಲಿಸಿದರೆ ಅವನೂ ಅದಕ್ಕೆ ಒಳಗಾಗುತ್ತಾರೆ. ಆಳುವವನ ಕೈಯನ್ನು ಆಳುವವನ ಬರಹವೇ ಕಟ್ಟಿಹಾಕುವ ಏರ್ಪಾಡು ಇದು. ಸಂವಿಧಾನ ಎಂಬ ಕಲ್ಪನೆಯ ಒಂದು ಎಳೆ ಇಲ್ಲಿದೆ. ಶಿಕ್ಷೆ ಕೊಡುವ ನ್ಯಾಯಾಲಯದ ಜಾಗದಲ್ಲಿ ಪಾಪಭಯ ನಿಂತಿದೆ, ಅಷ್ಟೆ.

ಈ ಸೀಮೆಯ ಶಾಸನಗಳಲ್ಲಿ ಹಕ್ಕಿನ ಮಾತಿಗೆ ತೀರ ಹತ್ತಿರ ಬರುವುದು ಶ್ರವಣಬೆಳಗೊಳದ ಭಂಡಾರಿ ಬಸದಿಯ ಬಳಿಯಿರುವ 1368ರ ಬುಕ್ಕರಾಯನ ಶಾಸನ. ಜೈನರಿಗೂ ‘ಭಕ್ತರು’ ಎಂದು ಕರೆಯಲಾದ ಶ್ರೀವೈಷ್ಣವರಿಗೂ ವ್ಯಾಜ್ಯ ಹುಟ್ಟಿತ್ತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ನಾಡುಗಳ ಜೈನರು ತಮಗಾದ ಅನ್ಯಾಯವನ್ನು ವಿಜಯನಗರದ ಅರಸನಲ್ಲಿ ಬಿನ್ನಹ ಮಾಡಿಕೊಂಡರು. ಬುಕ್ಕರಾಯ ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರನ್ನೂ ಹದಿನೆಂಟು ನಾಡಿನ ಶ್ರೀವೈಷ್ಣವರನ್ನೂ ಎದುರಿಗಿಟ್ಟುಕೊಂಡು, ಜೈನರ ಕೈಯನ್ನು ಹಿಡಿದು ಶ್ರೀವೈಷ್ಣವರ ಕೈಗೆ ಒಪ್ಪಿಸಿದ. ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲ, ಪಂಚಮಹಾವಾದ್ಯಗಳೂ ಕಲಶವೂ ಜೈನರಿಗೆ ಹಿಂದಿನಂತೆಯೇ ಸಲ್ಲುತ್ತವೆ, ಜೈನ ದರ್ಶನಕ್ಕೆ ಭಕ್ತರಿಂದ ಹಾನಿಯಾಗಲಿ ವೃದ್ಧಿಯಾಗಲಿ ಆದರೆ ವೈಷ್ಣವರು ಅದನ್ನು ತಮ್ಮದೇ ಹಾನಿ, ತಮ್ಮದೇ ವೃದ್ಧಿ ಎಂದು ಬಗೆಯಬೇಕು, ಸೂರ್ಯಚಂದ್ರರಿರುವವರೆಗೂ ಕಾಯಬೇಕು. ಇದು ತೀರ್ಪಿನ ಸಾರ.

ತೀರ್ಪಿನ ಜೊತೆಗೆ ಅದನ್ನು ನಡೆಸುವ ವ್ಯವಸ್ಥೆಯನ್ನೂ ಆ ಕಲ್ಲು ಹೇಳುತ್ತದೆ. ರಾಜ್ಯದ ಬಸದಿಗಳಲ್ಲೆಲ್ಲ ವೈಷ್ಣವರೇ ಈ ಶಾಸನವನ್ನು ನೆಡಬೇಕು. ಜೈನರ ಮನೆಗೆ ವರ್ಷಕ್ಕೊಂದು ಹಣದಂತೆ ಎತ್ತಿ, ಅದರಲ್ಲಿ ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಆಳುಗಳನ್ನು ತಿರುಮಲೆಯ ತಾತಯ್ಯ ಎಂಬವರು ಇಡಬೇಕು, ಮಿಕ್ಕಿದ್ದರಲ್ಲಿ ಹಾಳಾದ ಜಿನಾಲಯಗಳನ್ನು ದುರಸ್ತಿ ಮಾಡಿಸಬೇಕು. ತಪ್ಪಿದವರು ರಾಜದ್ರೋಹಿಗಳು, ಸಂಘ ಸಮುದಾಯಗಳಿಗೆ ದ್ರೋಹಿಗಳು. ಇದೇ ಶಾಸನದ ಇನ್ನೊಂದು ಪ್ರತಿ ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ ಸಿಕ್ಕಿದೆ. ಕೊಟ್ಟ ಮಾತು ಒಂದೇ ಕಲ್ಲಿನ ಮೇಲೆ ಉಳಿಯದೆ ಇನ್ನೊಂದು ಊರಿಗೂ ಹೋಗಿತ್ತು ಎಂಬುದಕ್ಕೆ ಅದು ಸಾಕ್ಷಿ. ಅಲ್ಪಸಂಖ್ಯಾತರ ರಕ್ಷಣೆಯ ಹೊಣೆಯನ್ನು ಬಹುಸಂಖ್ಯಾತರ ತಲೆಯ ಮೇಲೆಯೇ ಹೊರಿಸಿದ್ದು ಈ ಶಾಸನದ ದೊಡ್ಡತನ.

ಇದನ್ನು ಇಂಗ್ಲೆಂಡಿನ 1215ರ ಮ್ಯಾಗ್ನಾ ಕಾರ್ಟಾಕ್ಕೆ ಹೋಲಿಸುವ ಆಸೆಯಾಗುವುದು ಸಹಜ. ಆದರೆ ಎರಡೂ ತಮ್ಮ ತಮ್ಮ ಕಾಲದವು. ಅಲ್ಲಿ ಪಾಳೆಯಗಾರರು ಅರಸನಿಂದ ಬಲವಂತವಾಗಿ ಬರೆಸಿಕೊಂಡರು. ಇಲ್ಲಿ ನೊಂದವರು ಬಿನ್ನಹ ಮಾಡಿಕೊಂಡರು, ಅರಸ ನಡುವೆ ನಿಂತ. ಬುಕ್ಕರಾಯ ಕಾಪಾಡಿದ್ದು ದರ್ಶನವನ್ನು, ಸಮಯವನ್ನು, ಅಂದರೆ ಮತಪಂಥವನ್ನು. ಒಬ್ಬ ಜೈನ ಅಥವಾ ಒಬ್ಬ ವೈಷ್ಣವ ತನ್ನ ಸಮುದಾಯದ ಎದುರೇ ನಿಂತು ‘ಇದು ನನ್ನ ಹಕ್ಕು’ ಎನ್ನಲು ಆ ಕಲ್ಲಿನಲ್ಲಿ ಎಡೆಯಿಲ್ಲ. ‘ಹಕ್ಕು’ ಎಂಬ ಅರಬ್ಬಿ ಮೂಲದ ಪದವೂ ಆ ಬರಹಕ್ಕೆ ಬೇಕಾಗಿರಲಿಲ್ಲ.

ಆಮೇಲಿನ ಕಾಲದಲ್ಲಿ ಶಾಸನದ ಕೆಲಸವನ್ನು ಬೇರೆ ಪದಗಳು ಹಂಚಿಕೊಂಡವು. ಸನ್ನದು, ಕಾಯ್ದೆ, ಕಾನೂನು ಅರಬ್ಬಿ, ಫಾರಸಿಗಳಿಂದ ಬಂದು ಕಚೇರಿಯಲ್ಲಿ ನೆಲೆಸಿದವು. ಇವುಗಳಲ್ಲಿ ಸನ್ನದಿನ ಹರವು ದೊಡ್ಡದು: ವಿಶ್ವಸಂಸ್ಥೆಯ ಮೂಲಪತ್ರವೂ ಸನ್ನದು, ಸರ್ಕಾರಿ ಕಚೇರಿಯ ಗೋಡೆಯ ಮೇಲಿನದು ನಾಗರಿಕ ಸನ್ನದು, ಅಬಕಾರಿ ಇಲಾಖೆಯ ಲೆಕ್ಕದಲ್ಲಿ ಮದ್ಯದಂಗಡಿಯವರೂ ಸನ್ನದುದಾರರು. ಮೈಸೂರು ಸಂಸ್ಥಾನದಲ್ಲಿ 1881ರ ಪ್ರಜಾಪ್ರತಿನಿಧಿ ಸಭೆಯ ಬಳಿಕ 1907ರಲ್ಲಿ ಕಾನೂನು ಮಾಡುವ ಸಭೆ ಏರ್ಪಟ್ಟಾಗ ಅದಕ್ಕೆ ನ್ಯಾಯವಿಧಾಯಕ ಸಭೆ ಎಂಬ ಹೆಸರಿತ್ತು. ಶಾಸನಸಭೆ, ಶಾಸಕ, ಶಾಸಕಾಂಗ ಎಂಬ ಮಾತುಗಳು ಪತ್ರಿಕೆಗಳಲ್ಲಿ ಪಳಗಿ ಬಂದವು. ಇಂದಿಗೂ ಜನರ ಬಾಯಲ್ಲಿ ಎಮ್ಮೆಲ್ಲೆ, ಬರಹದಲ್ಲಿ ಶಾಸಕ. ಸಿಗರೇಟು ಪೊಟ್ಟಣದ ಮೇಲಿನ ‘ಶಾಸನ ವಿಧಿಸಿದ ಎಚ್ಚರಿಕೆ’ ಮಾತ್ರ ಈ ಪದವನ್ನು ಪೆಟ್ಟಿಗೆ ಅಂಗಡಿಯವರೆಗೂ ಒಯ್ದಿತು.

1949ರ ನವೆಂಬರ್ 25ರಂದು ಮೈಸೂರಿನ ಮಹಾರಾಜರು ಘೋಷಣೆ ಹೊರಡಿಸಿ ಭಾರತದ ಸಂವಿಧಾನವನ್ನು ಸಂಸ್ಥಾನಕ್ಕೂ ಒಪ್ಪಿಕೊಂಡರು. ಅಲ್ಲಿಂದಾಚೆಗೆ ಶಾಸನ ಎಂಬ ಪದದ ಸ್ಥಾನವೇ ಬದಲಾಯಿತು. ಮೂಲಭೂತ ಹಕ್ಕುಗಳಿಗೆ ವಿರುದ್ಧವಾದ ಯಾವ ಕಾನೂನೂ ಊರ್ಜಿತವಲ್ಲ ಎನ್ನುತ್ತದೆ 13ನೆಯ ವಿಧಿ. ಶಾಸನವೇ ಕೊನೆಯ ಮಾತಾಗಿದ್ದ ಕಾಲ ಹೋಗಿ, ಶಾಸನವನ್ನೂ ಒರೆಗೆ ಹಚ್ಚುವ ಬರಹ ಬಂದಿತು. ಹಕ್ಕು ಒಬ್ಬೊಬ್ಬ ವ್ಯಕ್ತಿಗೂ ಸೇರಿತು. ಅದಕ್ಕೆ ಧಕ್ಕೆಯಾದರೆ ಯಾರ ಶಿಫಾರಸೂ ಇಲ್ಲದೆ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟುವುದೂ 32ನೆಯ ವಿಧಿಯ ಪ್ರಕಾರ ಒಂದು ಹಕ್ಕಾಯಿತು. ಸಂವಿಧಾನವನ್ನೇ ತಿದ್ದುವ ಸಂಸತ್ತಿಗೂ ಮಿತಿಯಿದೆ ಎಂಬ ತೀರ್ಪಿಗೆ ಕಾರಣರಾದವರು ಕನ್ನಡದ ನೆಲೆಯಾದ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು. 1973ರ ಏಪ್ರಿಲ್ 24ರಂದು ಹದಿಮೂರು ನ್ಯಾಯಮೂರ್ತಿಗಳ ಪೀಠ ಏಳು–ಆರರ ಬಹುಮತದಿಂದ ಸಂವಿಧಾನದ ಮೂಲಸ್ವರೂಪವನ್ನು ಕೆಡಿಸುವಂತಿಲ್ಲ ಎಂದಿತು. ಖಾಸಗಿತನವೂ ಮೂಲಭೂತ ಹಕ್ಕೆಂದು 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ.

ಇಷ್ಟಾದರೂ ಬರೆದದ್ದಕ್ಕೂ ನಡೆಯುವುದಕ್ಕೂ ನಡುವಿನ ಅಂತರ ಹಾಸನ ಜಿಲ್ಲೆಯಲ್ಲಿ ಕಣ್ಣಿಗೆ ರಾಚುತ್ತದೆ. ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ 2015ರಲ್ಲಿ ದಲಿತ ಮಹಿಳೆಯರು ಬಸವೇಶ್ವರ ದೇವಸ್ಥಾನದೊಳಗೆ ಹೋದದ್ದಕ್ಕೆ ದಂಡ ಹಾಕಲಾಯಿತೆಂಬ ದೂರು ನಾಡಿನಾದ್ಯಂತ ಸುದ್ದಿಯಾಯಿತು. ಚನ್ನರಾಯಪಟ್ಟಣ ತಾಲ್ಲೂಕಿನ ದಿಂಡಗೂರಿನ ದಲಿತರು ಊರ ದೇವಸ್ಥಾನಗಳಿಗೆ ಕಾಲಿಟ್ಟದ್ದು 2021ರಲ್ಲಿ, ಅಧಿಕಾರಿಗಳ ಸಮ್ಮುಖದಲ್ಲಿ. ಅಷ್ಟು ಹೊತ್ತಿಗೆ ಅಸ್ಪೃಶ್ಯತೆಯನ್ನು ರದ್ದು ಮಾಡಿದ 17ನೆಯ ವಿಧಿಗೆ ಎಪ್ಪತ್ತು ವರ್ಷ ದಾಟಿತ್ತು.

ದಿಂಡಗೂರು ಇರುವ ತಾಲ್ಲೂಕಿನಲ್ಲೇ ಬುಕ್ಕರಾಯನ ಶಾಸನವೂ ಇದೆ. ಆ ಕಲ್ಲನ್ನು ಮತ್ತೊಮ್ಮೆ ಓದಬೇಕು. ಜೈನರನ್ನು ಕಾಯುವ ಹೊಣೆ ಹೊತ್ತವರ ಪಟ್ಟಿಯಲ್ಲಿ ಆಚಾರ್ಯರು, ಸಾತ್ವಿಕರು, ನಲವತ್ತೆಂಟು ಜನ, ಸಾವಂತ ಬೋವರು ಇವರ ಜೊತೆಗೆ ತಿರುಕುಲ, ಜಾಂಬವಕುಲ ಎಂಬ ಎರಡು ಹೆಸರುಗಳಿವೆ. ಇಂದಿನ ದಲಿತ ಸಮುದಾಯಗಳ ಹಿಂದಿನ ಹೆಸರುಗಳವು. ಇನ್ನೊಂದು ಧರ್ಮದ ಬಸದಿಯನ್ನು ಕಾಯುತ್ತೇವೆಂಬ ಮಾತಿಗೆ ಆರೂವರೆ ಶತಮಾನದ ಹಿಂದೆ ಒಳಪಟ್ಟವರ ಕುಲದವರಿಗೆ ಸ್ವಂತ ಊರಿನ ಗುಡಿಯ ಹೊಸ್ತಿಲು ದಾಟಲು ಅಧಿಕಾರಿಗಳೇ ಬಂದು ನಿಲ್ಲಬೇಕಾಯಿತು. ಇದಕ್ಕಿಂತ ದೊಡ್ಡ ಅನ್ಯಾಯ ಈ ಸೀಮೆಯ ಶಾಸನಗಳ ಚರಿತ್ರೆಯಲ್ಲಿ ಹುಡುಕಿದರೂ ಸಿಗದು.

ಹಳೆಯ ಕಲ್ಲುಗಳ ಶಾಪ ಇಂದು ಯಾರನ್ನೂ ಹೆದರಿಸುವುದಿಲ್ಲ. ಅದರ ಜಾಗದಲ್ಲಿ ಕಾಯ್ದೆಯಿದೆ. 1955ರ ಅಸ್ಪೃಶ್ಯತೆ (ಅಪರಾಧಗಳ) ಕಾಯ್ದೆ 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂಬ ಹೆಸರು ಪಡೆಯಿತು. ಅಸ್ಪೃಶ್ಯತೆಯ ನೆಪದಲ್ಲಿ ಯಾರನ್ನಾದರೂ ಸಾರ್ವಜನಿಕ ದೇವಸ್ಥಾನದಿಂದ ತಡೆದರೆ ಅದರ 3ನೆಯ ಕಲಮಿನ ಪ್ರಕಾರ ಒಂದು ತಿಂಗಳಿಗೆ ಕಡಿಮೆಯಿಲ್ಲದ, ಆರು ತಿಂಗಳವರೆಗಿನ ಜೈಲುವಾಸ ಮತ್ತು ಜುಲ್ಮಾನೆ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆಯ 1989ರ ಕಾಯ್ದೆ ಇದಕ್ಕಿಂತ ಬಿಗಿಯಾದದ್ದು. ಎರಡೂ ಜಾರಿಯಲ್ಲಿವೆ, ದೂರು ಕೊಟ್ಟರೆ ದಾಖಲಿಸಿಕೊಳ್ಳಬೇಕಾದದ್ದು ಪೊಲೀಸ್ ಠಾಣೆಯ ಕರ್ತವ್ಯ.