ಸುರ್ಮಾ ಕಲ್ಲಿನ ಗುರುತು: ಮದರಾಸಿನ ಪೇಟೆಯಲ್ಲಿ ಸ್ಟಿಬ್ನೈಟ್ ಮತ್ತು ಗ್ಯಾಲೀನಾ

ಚೆನ್ನೈನ ಸೌಕಾರ್‌ಪೇಟೆ ಹಳೆಯ ಮದರಾಸಿನ ಬ್ಲ್ಯಾಕ್ ಟೌನಿಗೆ ಸೇರಿದ ಭಾಗ. ಗುಜರಾತಿ, ಮಾರವಾಡಿ ಸಾಹುಕಾರರ ಚಿನ್ನಬೆಳ್ಳಿಯ ವಹಿವಾಟು, ಮಿಂಟ್ ಸ್ಟ್ರೀಟಿಗೆ ಹೆಸರು ಕೊಟ್ಟ ಈಸ್ಟ್ ಇಂಡಿಯಾ ಕಂಪನಿಯ ಟಂಕಸಾಲೆ ಎರಡೂ ಇಲ್ಲಿಯವೇ. ಚಿನ್ನವನ್ನು ಒರೆಗೆ ಹಚ್ಚದೆ ಕೊಳ್ಳದ ಇಂಥ ಪೇಟೆಗಳಲ್ಲೂ ಕಣ್ಣಿಗೆ ಹಚ್ಚುವ ಸುರ್ಮಾ ಕಲ್ಲು ಮಾತ್ರ ಹೆಸರಿನ ಮೇಲೆಯೇ ಮಾರಾಟವಾಯಿತು. ಆ ಕಲ್ಲು ನಿಜಕ್ಕೂ ಯಾವ ಖನಿಜ ಎಂಬ ಪ್ರಶ್ನೆಯ ಇತಿಹಾಸವನ್ನು ಈ ಲೇಖನ ಪರಿಶೀಲಿಸುತ್ತದೆ.

ಗ್ರಂಥಗಳ ಸಾಕ್ಷ್ಯ

ಖನಿಜ, ಲೋಹಗಳ ಔಷಧಗಳನ್ನು ವಿವರಿಸುವ ರಸಶಾಸ್ತ್ರದ ಪ್ರಮುಖ ಗ್ರಂಥವಾದ ‘ರಸರತ್ನಸಮುಚ್ಚಯ’ ಐದು ಅಂಜನಗಳನ್ನು, ಅಂದರೆ ಕಣ್ಣಿಗೆ ಹಚ್ಚುವ ದ್ರವ್ಯಗಳನ್ನು, ಹೇಳುತ್ತದೆ: ಸೌವೀರಾಂಜನ, ರಸಾಂಜನ, ಸ್ರೋತೋಂಜನ, ಪುಷ್ಪಾಂಜನ, ನೀಲಾಂಜನ. ಇವುಗಳಲ್ಲಿ ರಸಾಂಜನ ಮರದರಿಶಿನದ ಕಷಾಯವನ್ನು ಬತ್ತಿಸಿ ಮಾಡುವಂಥದ್ದು, ಕಲ್ಲೇ ಅಲ್ಲ. ಕಪ್ಪು ಹೊಳಪಿನ ಅಂಜನಗಳ ವಿಷಯದಲ್ಲಿ ವಿದ್ವಾಂಸರು ಎರಡು ಖನಿಜಗಳ ನಡುವೆ ಹೊಯ್ದಾಡಿದ್ದಾರೆ. ಒಂದು ಆಂಟಿಮನಿಯ ಸಲ್ಫೈಡ್ ಆದ ಸ್ಟಿಬ್ನೈಟ್, ಇನ್ನೊಂದು ಸೀಸದ ಸಲ್ಫೈಡ್ ಆದ ಗ್ಯಾಲೀನಾ.

ಮದರಾಸಿನಲ್ಲಿ ಕಂಪನಿಯ ವೈದ್ಯನಾಗಿದ್ದ ವೈಟ್‌ಲಾ ಐನ್ಸ್‌ಲಿ 1813ರಲ್ಲಿ ಇಲ್ಲಿಯೇ ಅಚ್ಚು ಹಾಕಿಸಿದ ಔಷಧ ದ್ರವ್ಯಗಳ ಗ್ರಂಥವನ್ನು 1826ರಲ್ಲಿ ವಿಸ್ತರಿಸಿ ‘ಮೆಟೀರಿಯಾ ಇಂಡಿಕಾ’ ಎಂದು ಲಂಡನ್ನಿನಲ್ಲಿ ಪ್ರಕಟಿಸಿದ. ಅದರಲ್ಲಿ ತಮಿಳಿನ ಅಂಜನಕ್ಕಲ್ಲು ಆಂಟಿಮನಿಯ ಕೆಳಗೆ ಸೇರಿದೆ. ಅರ್ಧ ಶತಮಾನದ ಬಳಿಕ, 1877ರಲ್ಲಿ, ಕಲ್ಕತ್ತೆಯಲ್ಲಿ ವೈದ್ಯ ಉದಯಚಂದ್ರ ದತ್ತರು ಈ ಗುರುತನ್ನು ಪ್ರಶ್ನಿಸಿದರು. ಅಂಗಡಿಗಳಲ್ಲಿ ಸುರ್ಮಾ ಎಂದು ಕೊಡುವುದು ಸೀಸದ ಅದಿರು, ಆಂಟಿಮನಿಯ ಒಂದು ಮಾದರಿಯೂ ತಮಗೆ ದೊರೆಯಲಿಲ್ಲ ಎಂದು ಅವರು ದಾಖಲಿಸಿದರು. ಗ್ರಂಥದ ಅರ್ಥಕ್ಕೆ ಅಂಗಡಿಯ ಸರಕನ್ನೇ ಸಾಕ್ಷಿಯಾಗಿ ನಿಲ್ಲಿಸಿದ್ದು ಅವರ ದೊಡ್ಡ ಕೊಡುಗೆ.

ನೆಲದ ಸಾಕ್ಷ್ಯ

ಭೂವಿಜ್ಞಾನವೂ ದತ್ತರ ಪರವಾಗಿಯೇ ನಿಲ್ಲುತ್ತದೆ. ಭಾರತದಲ್ಲಿ ಸ್ಟಿಬ್ನೈಟ್ ಅಪರೂಪ. ಹೆಸರಾದ ನಿಕ್ಷೇಪ ಇರುವುದು ಹಿಮಾಲಯದ ಲಾಹೌಲ್ ಸೀಮೆಯ ಬಡಾ ಶಿಗ್ರಿ ಹಿಮನದಿಯ ಬಳಿ. ಕರ್ನಾಟಕದಲ್ಲಿ ಚಿತ್ರದುರ್ಗ ಜಿಲ್ಲೆಯಿಂದ ಅಲ್ಪಸ್ವಲ್ಪ ವರದಿಯಾಗಿದೆ. ಗ್ಯಾಲೀನಾ ಹಾಗಲ್ಲ. ಮದರಾಸಿಗೆ ಹತ್ತಿರದ ಕಡಪ ಸೀಮೆಯಲ್ಲೇ ಜಂಗಂರಾಜುಪಲ್ಲೆಯ ಹಳೆಯ ಸೀಸದ ಗಣಿಗಳಿದ್ದವು. ಸುಲಭವಾಗಿ ಸಿಗುವ ಕಲ್ಲು ದುರ್ಲಭವಾದ ಕಲ್ಲಿನ ಹೆಸರಿನಲ್ಲಿ ಪೇಟೆಗೆ ಬರುವುದು ಸಹಜವೇ.

ಗುರುತಿಸುವ ಬಗೆ

ಎರಡಕ್ಕೂ ಸೀಸದಂಥ ಬೂದುಬಣ್ಣ, ಲೋಹದ ಹೊಳಪು. ಒರೆಗೆ ಉಜ್ಜಿದರೆ ಬೀಳುವ ಗೆರೆಯೂ ಬೂದು. ಆದ್ದರಿಂದ ಬಣ್ಣವನ್ನು ನಂಬುವಂತಿಲ್ಲ. ಗ್ಯಾಲೀನಾ ಒಡೆದಾಗ ಪರಸ್ಪರ ಲಂಬವಾದ ಮೂರು ದಿಕ್ಕುಗಳಲ್ಲಿ ಸೀಳಿ ಪುಟ್ಟ ಘನಗಳಾಗುತ್ತದೆ. ಸ್ಟಿಬ್ನೈಟ್ ಉದ್ದುದ್ದ ಗೆರೆಗಳಿರುವ ಕಡ್ಡಿಗಳಾಗಿ ಬೆಳೆದು ಒಂದೇ ದಿಕ್ಕಿಗೆ ಸೊಗಸಾಗಿ ಸೀಳುತ್ತದೆ. ತೂಕದ ವ್ಯತ್ಯಾಸ ಇನ್ನೂ ಸ್ಪಷ್ಟ. ಅಳತೆಯ ಲೋಟದಲ್ಲಿ 10 ಮಿಲಿಲೀಟರ್ ನೀರು ಏರಿಸುವ ಶುದ್ಧ ತುಂಡು ಸುಮಾರು 75 ಗ್ರಾಂ ತೂಗಿದರೆ ಗ್ಯಾಲೀನಾ, 46 ಗ್ರಾಂ ತೂಗಿದರೆ ಸ್ಟಿಬ್ನೈಟ್.

ಅರೆದ ಪುಡಿಯಲ್ಲಿ ಈ ಲಕ್ಷಣಗಳೆಲ್ಲ ಅಳಿಸಿಹೋಗುತ್ತವೆ. ಆಗ ಹತ್ತೊಂಬತ್ತನೆಯ ಶತಮಾನದ ಪರೀಕ್ಷಕರಿಗೆ ಊದುಕೊಳವೆಯೇ ಆಸರೆ. ಇದ್ದಿಲ ಮೇಲಿಟ್ಟು ಜ್ವಾಲೆಯನ್ನು ಊದಿದರೆ ಸ್ಟಿಬ್ನೈಟ್ ಬೇಗನೆ ಕರಗಿ ಸುತ್ತಲೂ ಬಿಳಿ ಲೇಪ ಬಿಡುತ್ತದೆ. ಗ್ಯಾಲೀನಾದಿಂದ ಹಳದಿ ಲೇಪದ ನಡುವೆ ಮೆತ್ತನೆಯ ಸೀಸದ ಗುಂಡು ಹೊರಬರುತ್ತದೆ. ಹೊಗೆ ವಿಷ. ಇಂದಿನ ಸಂಗ್ರಾಹಕರು ಈ ಕೆಲಸವನ್ನು ಎಕ್ಸ್-ರೇ ಪರೀಕ್ಷೆಗೆ ಬಿಡುವುದೇ ಲೇಸು. ಅದು ಮಾದರಿಯನ್ನು ಸುಡುವುದೂ ಇಲ್ಲ.

ಗುರುತಿನ ಬೆಲೆ

1968ರಲ್ಲಿ ಬ್ರಿಟನ್ನಿನ ವೈದ್ಯರು ಏಷ್ಯಾ ಮೂಲದ ಮಕ್ಕಳಲ್ಲಿ ಕಂಡ ಸೀಸದ ವಿಷಬಾಧೆಗೆ ಕಣ್ಣಿನ ಸುರ್ಮಾ ಕಾರಣವೆಂದು ವರದಿ ಮಾಡಿದರು. ಆಂಟಿಮನಿ ಎಂದು ಭಾವಿಸಿದ್ದ ವಸ್ತು ಸೀಸವಾಗಿದ್ದರ ಪರಿಣಾಮ ಗ್ರಂಥಾಲಯದ ಚರ್ಚೆಯನ್ನು ದಾಟಿ ಮಗುವಿನ ರಕ್ತಕ್ಕೆ ತಲುಪಿತ್ತು. ಪ್ರಾಚೀನ ಈಜಿಪ್ಟಿನ ಕಣ್ಣಂಜನವೂ ಆಂಟಿಮನಿ ಎಂಬ ನಂಬಿಕೆ ಬಹುಕಾಲ ಇತ್ತು. ಲೂವ್ರ್ ಸಂಗ್ರಹದ ಭರಣಿಗಳ ಪುಡಿಯ ಬಗ್ಗೆ 1999ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಮುಖ್ಯವಾಗಿ ಕಂಡದ್ದು ಗ್ಯಾಲೀನಾ ಮತ್ತಿತರ ಸೀಸದ ಸಂಯುಕ್ತಗಳು.

ಮದರಾಸ್ ಸರ್ಕಾರಿ ವಸ್ತುಸಂಗ್ರಹಾಲಯ 1851ರಲ್ಲಿ ಎಡ್ವರ್ಡ್ ಬಾಲ್‌ಫೋರ್ ಅವರ ಉಸ್ತುವಾರಿಯಲ್ಲಿ ಆರಂಭವಾದದ್ದೇ ಮದರಾಸ್ ಲಿಟರರಿ ಸೊಸೈಟಿ ಕೊಟ್ಟ ಸುಮಾರು 1,100 ಭೂವೈಜ್ಞಾನಿಕ ಮಾದರಿಗಳಿಂದ. ಕಲ್ಲುಗಳನ್ನು ಶ್ರದ್ಧೆಯಿಂದ ಕೂಡಿಸಿಟ್ಟ ಈ ಊರಿನಲ್ಲಿ ಪೇಟೆಯ ಸರಕಿಗೂ ಅದೇ ಗೌರವ ಸಲ್ಲಬೇಕು. ಹಳೆಯ ವೈದ್ಯಮನೆಗಳಲ್ಲಿ, ಗ್ರಂಧಿಗೆ ಅಂಗಡಿಗಳಲ್ಲಿ, ಅಜ್ಜಿಯರ ಪೆಟ್ಟಿಗೆಗಳಲ್ಲಿ ಉಳಿದಿರುವ ಸುರ್ಮಾ ತುಂಡುಗಳನ್ನು ತೊಳೆಯದೆ, ಅರೆಯದೆ, ಎಲ್ಲಿಂದ ಬಂದವೆಂಬ ವಿವರದೊಂದಿಗೆ ಸಂಗ್ರಹಿಸಬೇಕು. ಪರೀಕ್ಷೆಯ ಫಲ ಬರುವವರೆಗೆ ಚೀಟಿಯ ಮೇಲೆ ‘ಸುರ್ಮಾ’ ಎಂದಷ್ಟೇ ಬರೆಯಬೇಕು. ಅಂಜನದ ಚರಿತ್ರೆಯನ್ನು ಮುಂದೆ ಬರೆಯುವವರಿಗೆ ಗಟ್ಟಿ ಆಧಾರ ಸಿಗುವುದು ಹೀಗೆ ಪರೀಕ್ಷೆಗೊಳಗಾದ ಮಾದರಿಗಳಿಂದಲೇ.